ನಾಗರಹೊಳೆಯ ಪಹಣಿ: ಕಾಗದದಲ್ಲಿ ಇಲ್ಲದ ಕಾಡಿನ ಕಥೆ

ಮೇ ತಿಂಗಳ ಕೊನೆಯ ಹೊತ್ತಿಗೆ ದಕ್ಷಿಣ ಕೊಡಗಿನ ತಿತಿಮತಿ, ಗೋಣಿಕೊಪ್ಪಲು ಕಡೆ ಹೋದವರು ಈ ನೋಟವನ್ನು ಬೇಗ ಮರೆಯಲಾರರು. ಸೀರೆ ಉಟ್ಟ ಗಂಡಸರು, ಕುಪ್ಪಸದ ಮೇಲೆ ಹಳೇ ಕೋಟು ಏರಿಸಿದವರು, ಮುಖಕ್ಕೆ ಮಸಿಯನ್ನೋ ಬಣ್ಣವನ್ನೋ ಬಳಿದುಕೊಂಡ ಹುಡುಗರು ರಸ್ತೆಗೆ ಅಡ್ಡ ನಿಲ್ಲುತ್ತಾರೆ. ಕೈಯಲ್ಲಿ ಒಣಗಿದ ಸೋರೆಬುರುಡೆ, ಅದಿಲ್ಲದಿದ್ದರೆ ಪ್ಲಾಸ್ಟಿಕ್ ಬಿಂದಿಗೆ ಅಥವಾ ಎಣ್ಣೆ ಡಬ್ಬ. ಅದನ್ನು ಬಡಿಯುತ್ತ, ಕುಣಿಯುತ್ತ, ಬೈಗುಳವನ್ನೇ ಹಾಡಾಗಿಸಿ ಹಾಡುತ್ತಾರೆ. ಬಸ್ಸಿನವರಿಂದ, ಅಂಗಡಿಯವರಿಂದ, ತೋಟದ ಮಾಲೀಕರಿಂದ ಕಾಸು ಕೇಳುತ್ತಾರೆ. ಕಾಸು ಕೊಟ್ಟವರಿಗೂ ಬೈಗುಳ ತಪ್ಪುವುದಿಲ್ಲ. ಉಳಿದ ದಿನಗಳಲ್ಲಿ ಯಾರ ತೋಟದಲ್ಲಿ ಕೂಲಿ ಮಾಡುತ್ತಾರೋ ಆ ಯಜಮಾನರನ್ನೂ ಅಂದು ಬಾಯಿಗೆ ಬಂದಂತೆ ಬೈಯಬಹುದು, ಯಾರೂ ಮುನಿಸಿಕೊಳ್ಳುವಂತಿಲ್ಲ. ಕೊನೆಗೆ ಎಲ್ಲರೂ ದೇವರಪುರದ ಗುಡಿಗೆ ಸೇರಿ, ಕೂಡಿದ ಕಾಸಿನಲ್ಲಿ ಕಾಣಿಕೆ ಹಾಕಿ, ದೇವರನ್ನೂ ಬೈದು, ಆಮೇಲೆ ಕೈಮುಗಿದು ಮನೆಗೆ ಹೋಗುತ್ತಾರೆ. ಇದು ಕುಂಡೆ ಹಬ್ಬ. ಜೇನುಕುರುಬರು, ಬೆಟ್ಟಕುರುಬರು, ಎರವರು, ಅಂದರೆ ನಾಗರಹೊಳೆ ಕಾಡಿನ ಒಳಗೂ ಅಂಚಿಗೂ ಬಾಳಿದ ಜನ, ಆಚರಿಸುವ ಹಬ್ಬ.

ಬೈಗುಳಕ್ಕೊಂದು ಕಾರಣವಿದೆ. ಬೇಟೆಯ ದೇವರಾದ ಅಯ್ಯಪ್ಪ ಈ ಜನರನ್ನು ಜೊತೆಗೆ ಕರೆದುಕೊಂಡು ಕಾಡಿಗೆ ಬೇಟೆಗೆ ಬಂದನಂತೆ. ನಡುದಾರಿಯಲ್ಲಿ ಭದ್ರಕಾಳಿ ಎದುರಾದಳು. ದೇವರು ಅವಳಿಗೆ ಮನಸೋತು, ನಂಬಿ ಬಂದವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೊರಟುಹೋದ. ಬೇಟೆಯೂ ಇಲ್ಲ, ನಾಯಕನೂ ಇಲ್ಲ. ಅಂದಿನಿಂದ ವರ್ಷಕ್ಕೊಂದು ದಿನ ಅವನನ್ನು ಬೈಯುವ ಹಕ್ಕು ಇವರದು.

ನಿಂದಾಸ್ತುತಿ ನಮಗೆ ಹೊಸದಲ್ಲ, ದಾಸರ ಪದಗಳಲ್ಲಿ ಬೇಕಾದಷ್ಟಿದೆ. ಅಲ್ಲಿ ನಿಂದೆಯೊಳಗೆ ಸ್ತುತಿ ಅಡಗಿರುತ್ತದೆ. ಕುಂಡೆ ಹಬ್ಬದಲ್ಲಿ ಹಾಗೇನೂ ಅಡಗಿಲ್ಲ. ಕರೆತಂದವನೇ ಕೈಬಿಟ್ಟ ಎಂಬ ನೇರವಾದ ದೂರು ಅದು. ನಾಗರಹೊಳೆಯ ಚರಿತ್ರೆಯನ್ನು ಓದುವಾಗೆಲ್ಲ ಈ ದೂರು ನನ್ನ ಕಿವಿಯಲ್ಲಿ ಇದ್ದೇ ಇರುತ್ತದೆ. ರಾಜರು ಬಂದರು, ದೊರೆಗಳು ಬಂದರು, ಸರ್ಕಾರ ಬಂತು. ಬಂದವರೆಲ್ಲ ಕಾಡಿನ ಜನರನ್ನು ಕರೆದು ಕೆಲಸ ಮಾಡಿಸಿಕೊಂಡರು. ಲೆಕ್ಕಪತ್ರ ಬರೆಯುವ ಹೊತ್ತಿಗೆ ಆ ಜನರ ಹೆಸರು ಎಲ್ಲಿಯೂ ಇರಲಿಲ್ಲ. ಅವರ ಹತ್ತಿರ ಉಳಿದದ್ದು ಕಥೆ, ಹಬ್ಬ ಮತ್ತು ಜಾಗಗಳ ಹೆಸರು. ರೈತನಿಗೆ ಪಹಣಿ ಹೇಗೋ ಅವರಿಗೆ ಇವು ಹಾಗೆ. ಈ ಕಾಡಿನ ಜನಪದವನ್ನು ಬರೀ ರಂಜನೆಯ ಕಥೆ ಎಂದು ಓದಿದರೆ ಅರ್ಧ ಚರಿತ್ರೆ ಕೈತಪ್ಪುತ್ತದೆ ಎಂದು ನಾನು ಹೇಳುವುದು ಅದಕ್ಕೇ.

ಹೆಸರಿನೊಳಗಿನ ಕಾಡು

ನಾಗರಹೊಳೆ ಅನ್ನುವುದು ಮೊದಲು ಒಂದು ಹೊಳೆಯ ಹೆಸರು. ನಾಗರಹಾವಿನ ಹಾಗೆ ಸುತ್ತಿ ಬಳಸಿ ಹರಿಯುವುದರಿಂದ ಆ ಹೆಸರು ಬಂತು ಎನ್ನುತ್ತಾರೆ. ಇವತ್ತು ಆ ಹೆಸರಿನಲ್ಲಿ ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಹರಡಿದ 643 ಚದರ ಕಿಲೋಮೀಟರ್ ಕಾಡಿದೆ. 1992ರಲ್ಲಿ ಅದಕ್ಕೆ ರಾಜೀವ್ ಗಾಂಧಿ ರಾಷ್ಟ್ರೀಯ ಉದ್ಯಾನ ಎಂದು ಹೆಸರಿಟ್ಟರು. ಬೋರ್ಡಿನ ಮೇಲೆ ಆ ಹೆಸರಿದೆ, ಜನರ ಬಾಯಲ್ಲಿ ಮಾತ್ರ ಹೊಳೆಯೇ ಉಳಿದಿದೆ.

ಕಾಡಿನ ಇನ್ನೊಂದು ನೀರು ಲಕ್ಷ್ಮಣತೀರ್ಥ. ಸೀತೆಯನ್ನು ಹುಡುಕುತ್ತ ಬ್ರಹ್ಮಗಿರಿ ದಾಟುವಾಗ ರಾಮನಿಗೆ ಬಾಯಾರಿತು, ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಎಂಬುದು ಇರ್ಪು ಜಲಪಾತದಲ್ಲಿ ಹೇಳುವ ಕಥೆ. ಶಿವರಾತ್ರಿಗೆ ಅಲ್ಲಿನ ರಾಮೇಶ್ವರ ಗುಡಿಗೆ ಜನ ಸೇರುತ್ತಾರೆ. ಬ್ರಹ್ಮಗಿರಿಯಿಂದ ಇಳಿದು ಕಾವೇರಿಯ ಕಡೆಗೆ ಹೋಗುವ ಈ ನದಿಗೆ ಕಾಡಿನ ಪುಟ್ಟ ಹೊಳೆಗಳೂ ನೀರು ತರುತ್ತವೆ.

ರಾಮಾಯಣದ ಹೆಸರುಗಳಿಗಿಂತ ನನಗೆ ಹೆಚ್ಚು ಹೇಳುವುದು ಸಣ್ಣ ಹೆಸರುಗಳು. ಹಡ್ಲು ಎಂಬ ಮಾತನ್ನೇ ನೋಡಿ. ನಾಗರಹೊಳೆಯ ದಟ್ಟ ಮರಗಳ ನಡುವೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ಜೌಗು ಹುಲ್ಲುಗಾವಲಿಗೆ ಅಲ್ಲಿನವರು ಹಡ್ಲು ಅನ್ನುತ್ತಾರೆ. ಬೇಸಿಗೆಯಲ್ಲಿ ಸುತ್ತಲ ಹುಲ್ಲು ಒಣಗಿ ಬೂದಿಬಣ್ಣಕ್ಕೆ ತಿರುಗಿದಾಗಲೂ ಹಡ್ಲಿನ ತೇವದಲ್ಲಿ ಹಸಿರು ಉಳಿದಿರುತ್ತದೆ. ಕಾಟಿ, ಕಡವೆ, ಜಿಂಕೆಗಳು ಅಲ್ಲಿಗೆ ಬರುತ್ತವೆ. ಅವುಗಳ ಹಿಂದೆ ಹುಲಿ. ಸಫಾರಿಗೆ ಬಂದವರು ಹುಲಿ ನೋಡಿದೆ ಎಂದು ಸಂಭ್ರಮಿಸುವ ಜಾಗಗಳಲ್ಲಿ ಎಷ್ಟೋ ಹಡ್ಲುಗಳೇ. ಕರಾವಳಿಯಲ್ಲಿ ಬೇಸಾಯ ಬಿಟ್ಟ ಗದ್ದೆಗೆ ಹಡಿಲು ಅನ್ನುವುದು ಇಲ್ಲಿ ನನಗೆ ನೆನಪಾಗುತ್ತದೆ. ನಾಗರಹೊಳೆಯ ಕೆಲವು ಹಡ್ಲುಗಳಲ್ಲೂ ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದರು. ಮನುಷ್ಯನ ಕೈಯೇ ತಾಗದ ಆದಿಮ ಅರಣ್ಯ ಎಂದು ಪ್ರವಾಸಿ ಜಾಹೀರಾತು ಕರೆಯುವ ಕಾಡಿನ ನಡುಮಧ್ಯೆ ಬದುವಿನ ಗುರುತಿದೆ. ಇತ್ತ ಸಾಲುಸಾಲು ತೇಗದ ಮರಗಳಿವೆ. ಬ್ರಿಟಿಷರ ಕಾಲದಿಂದ ನೆಡುತ್ತ ಬಂದ ನೆಡುತೋಪು ಅದು. ತೇಗಕ್ಕಾಗಿ ಹಳೆಯ ಕಾಡು ಕಡಿದರು, ಕಡಿಯಲೂ ನೆಡಲೂ ಕಾಡಿನ ಜನರನ್ನೇ ಕೂಲಿಗೆ ಕರೆದರು.

ಕೊಲ್ಲಿ ಎಂದರೆ ಕೊಡಗಿನ ಕಡೆ ಬೆಟ್ಟದ ಸಂದಿಯಲ್ಲಿ ಹರಿಯುವ ಕಿರುತೊರೆ. ಹಾಡಿ ಎಂದರೆ ಕಾಡಿನ ಜನರ ಗುಡಿಸಲುಗಳ ಗುಂಪು. ಕಬಿನಿ ಹಿನ್ನೀರಿನ ಬಳಿ ಮಾಸ್ತಿಗುಡಿ ಎಂಬ ಜಾಗವಿದೆ. ಮಾಸ್ತಿ ಎಂದರೆ ಮಹಾಸತಿ. ಗಂಡನ ಜೊತೆ ಸತ್ತ ಹೆಣ್ಣಿನ ನೆನಪಿಗೆ ನಿಲ್ಲಿಸುತ್ತಿದ್ದ ಕಲ್ಲಿನಿಂದ ಬಂದ ಹೆಸರು. ಎಂದೋ ಇಲ್ಲಿ ಊರಿತ್ತು, ಸಾವಿತ್ತು, ಪೂಜೆಯಿತ್ತು ಎಂದು ಆ ಒಂದು ಹೆಸರೇ ಹೇಳುತ್ತದೆ.

ಖೆಡ್ಡಾ

ನಾವು ಇವತ್ತು ಒಂದೇ ಎಂದು ನೋಡುವ ಈ ಕಾಡು 1956ರ ನವೆಂಬರ್‌ವರೆಗೆ ಎರಡು ರಾಜ್ಯಗಳದ್ದಾಗಿತ್ತು. ಪಡುವಣ ಭಾಗ ಕೊಡಗಿಗೆ, ಮೂಡಣ ಭಾಗ ಮೈಸೂರಿಗೆ. ಮೈಸೂರಿನ ಕಡೆ ಕಬಿನಿ ದಡದ ಕಾಡಿಗೆ ಕಾಕನಕೋಟೆ ಎಂದು ಹೆಸರು. ಕಾಕನಕೋಟೆ ಎಂದರೆ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ದೊಡ್ಡಿಗೆ ಅಟ್ಟಿ ಸೆರೆಹಿಡಿಯುವ ಕೆಲಸ.

ಯಾರನ್ನಾದರೂ ಮೋಸದಿಂದ ಸಿಕ್ಕಿಸಿಹಾಕಿದರೆ ಖೆಡ್ಡಾಕ್ಕೆ ಕೆಡವಿದರು ಅನ್ನುತ್ತೇವಲ್ಲ, ಆ ಮಾತು ಈ ಕೆಲಸದಿಂದ ಬಂದದ್ದು. ಮಾತು ನಿತ್ಯ ಬಳಕೆಯಲ್ಲಿದೆ. ಆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಮರೆತುಹೋಗಿದೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಕೆಲಸ ಹಿಂಡನ್ನು ಪತ್ತೆ ಮಾಡುವುದು. ಅದು ಕಾಡಿನ ಕುರುಬರಿಂದ ಮಾತ್ರ ಆಗುವ ಕೆಲಸ. ಲದ್ದಿಯ ಬಿಸಿ, ಮುರಿದ ಬಿದಿರಿನ ಹಸಿ, ಮರದ ಬೊಡ್ಡೆಗೆ ಮೈ ಉಜ್ಜಿದ ಕೆಸರು ಎಷ್ಟು ಎತ್ತರದಲ್ಲಿದೆ ಎಂಬುದು, ಇಷ್ಟರಿಂದಲೇ ಎಷ್ಟು ಆನೆ, ಯಾವ ದಿಕ್ಕಿಗೆ, ಎಷ್ಟು ಹೊತ್ತಿನ ಹಿಂದೆ ಎಂದು ಅವರು ಹೇಳಬಲ್ಲರು. ಹಿಂಡು ಸಿಕ್ಕಿತು ಅಂದ ಕೂಡಲೇ ನೂರಾರು ಜನ ಸದ್ದಿಲ್ಲದೆ ಅದರ ಸುತ್ತ ದೊಡ್ಡ ಬಳಸು ಹಾಕುತ್ತಾರೆ. ಒಬ್ಬರಿಗೊಬ್ಬರು ಕೂಗಳತೆಯಲ್ಲಿ ನಿಂತು, ರಾತ್ರಿಯಾದರೆ ಬೆಂಕಿ ಹಾಕಿ ಕಾಯುತ್ತಾರೆ. ಬಳಸಿನ ಒಳಗೆ ನೀರು ಮೇವು ಇರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಹಿಂಡು ಹಸಿವಿಗೇ ಸಿಡಿದು ನುಗ್ಗುತ್ತದೆ. ಹೀಗೆ ಕಾಯುವುದು ಒಂದೆರಡು ದಿನದ ಮಾತಲ್ಲ.

ಅಷ್ಟರಲ್ಲಿ ಇನ್ನೊಂದು ಕಡೆ ದೊಡ್ಡಿ ಸಿದ್ಧವಾಗುತ್ತದೆ. ಆಳೆತ್ತರಕ್ಕೂ ಮೀರಿದ ದಿಮ್ಮಿಗಳ ಗೋಡೆ, ಗೋಡೆಗೆ ಆನೆ ಹಾಯದಂತೆ ಒಳಗಡೆ ಕಂದಕ, ಒಳಬರುವ ದಾರಿ ಮೊರದ ಬಾಯಿಯ ಹಾಗೆ ಅಗಲವಾಗಿ ಶುರುವಾಗಿ ಕಿರಿದಾಗುತ್ತ ಹೋಗಬೇಕು. ಕೊನೆಯಲ್ಲಿ ಮರದ ಭಾರೀ ಬಾಗಿಲನ್ನು ಹಗ್ಗದಲ್ಲಿ ಮೇಲಕ್ಕೆ ತೂಗುಬಿಟ್ಟಿರುತ್ತಾರೆ. ತಮಟೆ, ಕೊಂಬು, ಕೇಕೆ, ಬಂದೂಕಿನ ಹುಸಿ ಗುಂಡುಗಳ ಸದ್ದಿಗೆ ಬೆದರಿ ಹಿಂಡು ದೊಡ್ಡಿಗೆ ನುಗ್ಗುತ್ತದೆ. ಕೊನೆಯ ಆನೆ ಒಳಹೊಕ್ಕ ಗಳಿಗೆಯಲ್ಲಿ ಹಗ್ಗ ಕಡಿಯುತ್ತಾರೆ, ಬಾಗಿಲು ಬೀಳುತ್ತದೆ. ಆಮೇಲೆ ಪಳಗಿದ ಕುಮ್ಕಿ ಆನೆಗಳು ಒಳಹೋಗುತ್ತವೆ. ಎರಡು ಕುಮ್ಕಿಗಳು ಒಂದು ಕಾಡಾನೆಯನ್ನು ಇಕ್ಕೆಲದಿಂದ ಅದುಮಿ ಹಿಡಿದಾಗ ಅವುಗಳ ಆಸರೆಯಲ್ಲಿ ಮನುಷ್ಯ ನೆಲಕ್ಕಿಳಿದು ಹಿಂಗಾಲಿಗೆ ಹಗ್ಗ ಬಿಗಿಯಬೇಕು. ಆನೆಯ ಹೊಟ್ಟೆಯಡಿ ನುಸುಳಿ ಹಗ್ಗ ಬಿಗಿದವರ ಹೆಸರು ಯಾವ ದಾಖಲೆಯಲ್ಲೂ ನನಗೆ ಕಂಡಿಲ್ಲ. ಎತ್ತರದಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ಕೂತು ನೋಡಿದ ಅತಿಥಿಗಳ ಹೆಸರುಗಳೆಲ್ಲ ಇವೆ.

ಕಾಕನಕೋಟೆಯ ಖೆಡ್ಡಾಕ್ಕೆ ಇನ್ನೊಂದು ವಿಶೇಷವಿತ್ತು. ಇಲ್ಲಿ ಹಿಂಡನ್ನು ಕಬಿನಿ ಹೊಳೆ ದಾಟಿಸಿ ದೊಡ್ಡಿಗೆ ಅಟ್ಟುತ್ತಿದ್ದರು. ಮರಿಗಳನ್ನು ನಡುವೆ ಹಾಕಿಕೊಂಡು ತಾಯಾನೆಗಳು ಹೊಳೆಯಲ್ಲಿ ಈಜುವುದನ್ನು ನೋಡಲು ಮಹಾರಾಜರು ವೈಸರಾಯಿಗಳನ್ನು, ರಾಜಕುಮಾರರನ್ನು ಆಹ್ವಾನಿಸುತ್ತಿದ್ದರು. ಹತ್ತಿರದ ಕಾರಾಪುರದಲ್ಲಿ ಬೇಟೆಯ ಬಂಗಲೆ ಇತ್ತು. ಆ ಕಾರಾಪುರದ ಮಾವುತನೊಬ್ಬನ ಮಗ ಸಾಬು ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಇಂಗ್ಲಿಷ್ ಸಿನಿಮಾದವರ ಕಣ್ಣಿಗೆ ಬಿದ್ದ. 1937ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ಆನೆಯ ಜೊತೆ ಕಾಣಿಸಿಕೊಂಡು ಹಾಲಿವುಡ್‌ಗೆ ಹೋದ. ಕಬಿನಿಯ ದಡದಿಂದ ಅಷ್ಟು ದೂರ ಹೋದವರು ಇನ್ನೊಬ್ಬರಿಲ್ಲ.

ಖೆಡ್ಡಾಕ್ಕೂ ಒಂದು ಐತಿಹ್ಯವಿದೆ. ಮೈಸೂರು ಸೀಮೆಯಲ್ಲಿ ಮೊದಲು ಖೆಡ್ಡಾ ಗೆದ್ದದ್ದು ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ, 1874ರಲ್ಲಿ, ಚಾಮರಾಜನಗರದ ಕಡೆಯ ಕಾಡಿನಲ್ಲಿ. ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಹಿಡಿದ. ಅವನಿಗೆ ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯಲ್ಲಿ ಖೆಡ್ಡಾ ಮಾಡಲು ಹೋಗಿ ಸೋತಿದ್ದನಂತೆ. ಇನ್ನು ಮುಂದೆ ಯಾರಿಗೂ ಇದು ಸಾಧ್ಯವಿಲ್ಲ, ಮಾಡಲು ಹೋದವರಿಗೆ ನನ್ನ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಬರೆಸಿ ನಿಲ್ಲಿಸಿದ್ದನಂತೆ. ಈ ಕಥೆಯನ್ನು ಬರೆದಿಟ್ಟವನು ಸ್ಯಾಂಡರ್ಸನ್ನೇ. ಗೆದ್ದವನು ಹೇಳುವ ಕಥೆಯಲ್ಲಿ ಸೋತವನ ಶಾಪ ಇದ್ದರೆ ಗೆಲುವಿಗೆ ಮೆರುಗು ಬರುತ್ತದೆ. ಆದರೂ ಇದನ್ನು ಬರೀ ಜಂಬ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ಶಾಪ ಇರುವುದು ವಾಡಿಕೆ: ಈ ದತ್ತಿಯನ್ನು ಕೆಡಿಸಿದವರಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರಲಿ ಎಂಬಂಥದ್ದು. ಭೂಮಿಯನ್ನು, ಕೆರೆಯನ್ನು, ಗುಡಿಯನ್ನು ಕಾಯಲು ಬಳಸುತ್ತಿದ್ದ ಶಾಪ ಇಲ್ಲಿ ಆನೆಯ ಹಿಂಡಿಗೆ ಕಾವಲಾಗಿದೆ. ಜನ ಈ ಕಥೆಯನ್ನು ಮರೆಯದೆ ಇಟ್ಟುಕೊಂಡದ್ದರಲ್ಲಿ ಆನೆ ಹಿಡಿಯುವುದು ತಪ್ಪು ಎಂಬ ಅಳುಕೂ ಇತ್ತೆಂದು ನನಗನ್ನಿಸುತ್ತದೆ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಸುಮಾರು ನೂರು ವರ್ಷಗಳಲ್ಲಿ ಈ ಸೀಮೆಯಲ್ಲಿ ಒಂದೂವರೆ ಸಾವಿರದಷ್ಟು ಆನೆ ಹಿಡಿದರು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಸತ್ತವು.

ಅರ್ಜುನ

ಖೆಡ್ಡಾ ಹಳೇ ಕಾಲದ ಮಾತು ಅನ್ನಿಸಿದರೆ ಅರ್ಜುನನನ್ನು ನೆನೆಯಿರಿ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ, 1968ರ ಕಾಕನಕೋಟೆ ಖೆಡ್ಡಾದಲ್ಲಿ ಸೆರೆ ಸಿಕ್ಕ ಆನೆ. ಟಿವಿಯಲ್ಲಿ ಜಂಬೂಸವಾರಿ ನೋಡುತ್ತ ಬೆಳೆದ ನಮ್ಮ ಮಕ್ಕಳು ಕಂಡದ್ದು ಕಬಿನಿ ದಡದ ದೊಡ್ಡಿಗೆ ನುಗ್ಗಿದ ಹಿಂಡಿನ ಮರಿಯನ್ನು. ಅವನು ಇದ್ದದ್ದು ನಾಗರಹೊಳೆಯ ಬಳ್ಳೆ ಶಿಬಿರದಲ್ಲಿ. ಅದೇ ಬಳ್ಳೆಯ ಕಾಡಿನಲ್ಲಿ 1998ರಲ್ಲಿ, ಹದಿನೆಂಟು ಸಲ ಅಂಬಾರಿ ಹೊತ್ತ ದ್ರೋಣ ವಿದ್ಯುತ್ ತಂತಿ ತಗುಲಿ ಸತ್ತಿದ್ದ. ಅರ್ಜುನನಿಗೆ ವಯಸ್ಸಾದ ಮೇಲೆ ಅಂಬಾರಿಯಿಂದ ಬಿಡುವು ಕೊಟ್ಟರು, ಕಾಡಾನೆ ಹಿಡಿಯುವ ಕೆಲಸದಿಂದ ಬಿಡುವು ಸಿಗಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಪ್ರಾಣಬಿಟ್ಟ. ಅವನ ಮಾವುತ ಅವನನ್ನು ತಬ್ಬಿ ಅತ್ತದ್ದನ್ನು ಇಡೀ ನಾಡೇ ನೋಡಿತು.

ನಾಗರಹೊಳೆಯ ಶಿಬಿರಗಳಲ್ಲಿ ಮಾವುತರು, ಕಾವಾಡಿಗಳು ಬಹಳ ಮಂದಿ ಜೇನುಕುರುಬರು. ಕಾವಾಡಿ ಎಂದರೆ ಮಾವುತನ ಜೊತೆಗಾರ. ಆನೆಗೆ ಮೇವು ತರುವವನು, ಮೈ ತೊಳೆಯುವವನು, ರಾತ್ರಿ ಕಾಡಿಗೆ ಬಿಟ್ಟ ಆನೆಯ ಹೆಜ್ಜೆ ಹಿಡಿದು ಬೆಳಗ್ಗೆ ಕರೆತರುವವನು. ಅಂದು ಖೆಡ್ಡಾಕ್ಕೆ ಹಿಂಡು ಹುಡುಕಿಕೊಟ್ಟವರ ಮೊಮ್ಮಕ್ಕಳು ಇಂದು ಅದೇ ಆನೆಗಳ ಸಂತತಿಯನ್ನು ಸಾಕುತ್ತಿದ್ದಾರೆ. ಪ್ರತಿ ವರ್ಷ ದಸರೆಗೆ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣ ಹೊರಡಿಸುತ್ತಾರೆ. ಆನೆಯ ಹಿಂದೆ ಹೆಂಡತಿ ಮಕ್ಕಳು, ಪಾತ್ರೆ ಪಗಡ ಸಮೇತ ಹಾಡಿಯ ಸಂಸಾರಗಳೂ ಹೊರಡುತ್ತವೆ. ಅರಮನೆ ಆವರಣದಲ್ಲಿ ಶೆಡ್ಡುಗಳಲ್ಲಿ ಒಂದೆರಡು ತಿಂಗಳು ಅವರ ವಾಸ; ಮಕ್ಕಳಿಗೆ ಅಲ್ಲೇ ತಾತ್ಕಾಲಿಕ ಶಾಲೆ.

ನೀರು ಬಂತು, ಗೆರೆ ಬಂತು

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಮುಗಿಯಿತು. ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ದಡಗಳು, ಅಕ್ಕಪಕ್ಕದ ಹಳ್ಳಿಗಳು, ಹಾಡಿಗಳು ನೀರಿನಡಿ ಹೋದವು. ಇವತ್ತು ಬಹಳಷ್ಟು ಕನ್ನಡಿಗರಿಗೆ ಕಾಕನಕೋಟೆ ಒಂದು ನಾಟಕದ, ಸಿನಿಮಾದ ಹೆಸರಾಗಿ ಮಾತ್ರ ಗೊತ್ತು.

ಹೀಗೆ ಕಾಡನ್ನು ಮುಳುಗಿಸಿದ ನೀರೇ ಆನೆಗಳಿಗೆ ಬೇಸಿಗೆಯ ಆಸರೆಯಾಯಿತು. ಇದು ಹೇಗೆ ಎಂಬುದು ಸರಳ. ವಯನಾಡಿನ ಮಳೆಗೆ ಜಲಾಶಯ ತುಂಬುತ್ತದೆ. ಮಳೆಗಾಲ ಮುಗಿದ ಮೇಲೆ ನಾಲೆಗಳಿಗೆ ನೀರು ಬಿಡುತ್ತ ಬಂದಂತೆ ಹಿನ್ನೀರು ಹಿಂದೆ ಸರಿಯುತ್ತದೆ. ಸರಿದ ಕಡೆಯೆಲ್ಲ ತೇವದ ಕೆಸರು, ಅದರ ಮೇಲೆ ಎಳೆ ಹುಲ್ಲು. ಬಂಡೀಪುರ, ವಯನಾಡು, ಮುದುಮಲೆಯ ಕಾಡುಗಳಲ್ಲಿ ಕೆರೆಕಟ್ಟೆ ಬತ್ತುವ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಇಲ್ಲಿ ಮೇವೂ ನೀರೂ ಒಂದೇ ಕಡೆ ಸಿಗುತ್ತವೆ. ನೂರಾರು ಆನೆಗಳು ಒಟ್ಟಿಗೆ ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಜಾಗಗಳು ಬೆರಳೆಣಿಕೆಯಷ್ಟು. ಅಜ್ಜಿಯರನ್ನು ಅಟ್ಟಿ ಹಿಡಿದ ಹೊಳೆಯ ದಡದಲ್ಲೇ ಮೊಮ್ಮಕ್ಕಳು ಮೇಯುತ್ತಿರುವುದನ್ನು ದೋಣಿಯಲ್ಲಿ ಕೂತು ನೋಡಿದಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಅಣೆಕಟ್ಟಿನ ಕಾಲಕ್ಕೇ ಕಾನೂನಿನ ಗೆರೆಯೂ ಬಿತ್ತು. 1955ರಲ್ಲಿ, ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ, ಕೊಡಗಿನ ಕಡೆಯ ಕಾಡು ಅಭಯಾರಣ್ಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೈಸೂರಿನ ಕಡೆಯ ಕಾಡೂ ಸೇರಿ 1980ರ ದಶಕ ಮುಗಿಯುವುದರೊಳಗೆ ಅದು ಪೂರ್ಣ ರಾಷ್ಟ್ರೀಯ ಉದ್ಯಾನವಾಯಿತು. ಮುಂದೆ ಹುಲಿ ಮೀಸಲು ಪ್ರದೇಶವೂ ಆಯಿತು. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಇರುವ ವ್ಯತ್ಯಾಸ ಓದುವವರಿಗೆ ಸಣ್ಣದು, ಹಾಡಿಯವರಿಗೆ ಬಹಳ ದೊಡ್ಡದು. ಅಭಯಾರಣ್ಯದಲ್ಲಿ ಒಳಗಿರುವವರ ಕೆಲವು ಹಕ್ಕುಗಳನ್ನು ಉಳಿಸಲು ಅವಕಾಶವಿದೆ. ರಾಷ್ಟ್ರೀಯ ಉದ್ಯಾನವೆಂದರೆ ಒಳಗಿನ ಹಕ್ಕುಗಳೆಲ್ಲ ಇತ್ಯರ್ಥವಾಗಿ ಮುಗಿದಿರಬೇಕು. ಜೇನು ಕೀಳುವುದು, ಗೆಣಸು ಅಗೆಯುವುದು, ಸೊಪ್ಪು ಕೊಯ್ಯುವುದು, ನಾಯಿ ಸಾಕುವುದು ಒಂದೊಂದಾಗಿ ಅಪರಾಧದ ಪಟ್ಟಿಗೆ ಸೇರಿದವು.

ಹೆಸರಿನಲ್ಲೇ ಜೇನು ಇರುವವರಿಗೆ ಇದು ಏನೆಂದು ಯೋಚಿಸಿ. ಎತ್ತರದ ಮರದಲ್ಲಿ ಹಲಗೆಯಂತೆ ತೂಗುವ ಹೆಜ್ಜೇನು, ಪೊಟರೆಯೊಳಗಿನ ತುಡುವೆ, ಕಡ್ಡಿಗೆ ಕಟ್ಟುವ ಕೋಲುಜೇನು, ಗೋಡೆ ಸಂದಿಯ ನಸರುಜೇನು, ಪ್ರತಿಯೊಂದಕ್ಕೂ ಬೇರೆ ಕಾಲ, ಬೇರೆ ರುಚಿ, ಬೇರೆ ಔಷಧಿ ಗುಣ. ಹೆಜ್ಜೇನು ಕೀಳಲು ಕತ್ತಲಾಗಬೇಕು, ಹೊಗೆ ಹಾಕಬೇಕು, ಬಿದಿರಿನ ಏಣಿಯ ಮೇಲೆ ಬರಿಗಾಲಲ್ಲಿ ಹತ್ತಬೇಕು. ಮರ ಯಾವುದೆಂದು ಹಿರಿಯರು ಹೇಳಿರುತ್ತಾರೆ, ಏಕೆಂದರೆ ಹೆಜ್ಜೇನು ವರ್ಷ ವರ್ಷವೂ ಅದೇ ಮರಕ್ಕೆ ಮರಳಿ ಬರುತ್ತದೆ. ಸತ್ತ ಹಿರಿಯರೂ ಕಾಡು ಬಿಟ್ಟು ಹೋಗುವುದಿಲ್ಲ, ತಮ್ಮ ನೆಲದಲ್ಲೇ ಇರುತ್ತಾರೆ ಎಂಬುದು ಜೇನುಕುರುಬರ ನಂಬಿಕೆ. ಹುಲಿಯನ್ನೂ ದೇವರೆಂದು ಪೂಜಿಸುತ್ತಾರೆ. ಹಾಡಿಯನ್ನು ಎತ್ತಿ ಬೇರೆ ಕಡೆ ಇಟ್ಟರೆ ಮನುಷ್ಯರು ಬರಬಹುದು. ಆ ಹಿರಿಯರು ಬರುವುದಿಲ್ಲ.

ಇನ್ನೊಂದು ಪಕ್ಕವನ್ನೂ ಹೇಳಲೇಬೇಕು. 1960ರ ದಶಕದಲ್ಲಿ ಈ ಕಾಡು ಬರಿದಾಗುವ ಅಂಚಿನಲ್ಲಿತ್ತು. ಕಳ್ಳಬೇಟೆ, ಮರಗಳ್ಳತನ, ಹಡ್ಲುಗಳ ಒತ್ತುವರಿ ಜೋರಾಗಿತ್ತು. ಕೆ.ಎಂ. ಚಿಣ್ಣಪ್ಪನವರಂಥ ರೇಂಜರ್‌ಗಳು ಜೀವದ ಹಂಗು ತೊರೆದು ಕಾಯದಿದ್ದರೆ ಇಲ್ಲಿ ಹುಲಿ ಉಳಿಯುತ್ತಿರಲಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ನಡುವಿನಿಂದ ಇಲ್ಲೇ ಹುಲಿಗಳ ಅಧ್ಯಯನ ಮಾಡಿದರು. ಮನುಷ್ಯರಿಗೆ ಹೆಬ್ಬೆಟ್ಟಿನ ಗುರುತಿದ್ದಂತೆ ಪ್ರತಿ ಹುಲಿಗೂ ಪಟ್ಟೆ ಬೇರೆ. ಕಾಡುದಾರಿಯಲ್ಲಿ ಇಟ್ಟ ಕ್ಯಾಮೆರಾದ ಮುಂದೆ ಅದೇ ಹುಲಿ ಎಷ್ಟು ಸಲ ಹಾಯಿತು, ಹೊಸದು ಎಷ್ಟು ಬಂದವು ಎಂಬುದರಿಂದ ಕಣ್ಣಿಗೆ ಬೀಳದ ಹುಲಿಗಳನ್ನೂ ಲೆಕ್ಕ ಹಾಕುವ ವಿಧಾನ ಈ ಕಾಡಿನಲ್ಲಿ ಗಟ್ಟಿಯಾಯಿತು. ದೇಶವಿಡೀ ಇವತ್ತು ಹುಲಿ ಎಣಿಸುವುದು ಅದರ ಜಾಡಿನಲ್ಲೇ. 2022ರ ಗಣತಿಯಂತೆ ನಾಗರಹೊಳೆಯಲ್ಲಿ 141 ಹುಲಿಗಳಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಕಳ್ಳಬೇಟೆಯವನಿಗೂ ಜೇನು ಕೀಳುವವನಿಗೂ ಒಂದೇ ಗೆರೆ ಎಳೆದದ್ದು ಸರಿಯಲ್ಲ ಎಂಬ ಮಾತಿನಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. 1990ರ ದಶಕದಲ್ಲಿ ಅದೇ ಉದ್ಯಾನದೊಳಗಿನ ಮೂರ್ಕಲ್ಲಿನಲ್ಲಿ ಹೋಟೆಲ್ ನಡೆಸಲು ದೊಡ್ಡ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದ್ದರು. ಹಾಡಿಯ ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಒಪ್ಪಲಿಲ್ಲ.

ಸಾಕ್ಷಿ

ಕಾಡಿನಿಂದ ಹೊರಬಂದವರಲ್ಲಿ ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ, ಜಮೀನು ಸಿಕ್ಕಿತು. ಎಷ್ಟೋ ಜನ ಕೊಡಗಿನ ಕಾಫಿ ತೋಟಗಳ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ, ಸೇರಿದರು. ಹೈಕೋರ್ಟ್ ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿ, ಈ ಸೀಮೆಯ ಕಾಡುಗಳಿಂದ ಹೊರಬಿದ್ದ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೇಳಿತು.

ಇಲ್ಲಿಂದಲೇ ಜನಪದ ಮತ್ತೆ ಮುಂದೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ಬಾಳಿದ ಬುಡಕಟ್ಟು ಜನ ತಮ್ಮ ನೆಲದ ಹಕ್ಕು ಕೇಳಬಹುದು. ಆ ದಿನಕ್ಕೆ ಮೊದಲು ಅಕ್ರಮವಾಗಿ ಒಕ್ಕಲೆಬ್ಬಿಸಲ್ಪಟ್ಟವರಿಗೂ ಅದರಲ್ಲಿ ಅವಕಾಶವಿದೆ. ಕೇಳುವುದಾದರೆ ಸಾಕ್ಷಿ ಬೇಕಲ್ಲ? ಪಹಣಿಯಿಲ್ಲ, ಕಂದಾಯದ ರಸೀದಿಯಿಲ್ಲ. ಕಾಯ್ದೆಯ ನಿಯಮಗಳು ಇದನ್ನು ತಿಳಿದೇ ಸಾಕ್ಷಿಯ ಪಟ್ಟಿಯನ್ನು ಅಗಲ ಮಾಡಿವೆ. ಹಳೆಯ ಗುಡಿಸಲಿನ ಕುರುಹು, ಬಾವಿ, ಸಮಾಧಿಯ ನೆಲ, ಪೂಜೆಯ ಮರ, ದೇವರ ಬನ, ಕೊನೆಗೆ ಹಿರಿಯರು ಬಾಯಲ್ಲಿ ಹೇಳಿ ಬರೆಸಿದ ಮಾತು, ಇವೆಲ್ಲ ಸಾಕ್ಷಿಯೇ. ಈ ಕಲ್ಲಿನ ಬಳಿ ನಮ್ಮ ತಾತನನ್ನು ಮಣ್ಣು ಮಾಡಿದ್ದು, ಆ ಕೊಲ್ಲಿಯ ನೀರು ಬೇಸಿಗೆಯಲ್ಲೂ ಬತ್ತುವುದಿಲ್ಲ, ಈ ಮರಕ್ಕೆ ಕೊಡಲಿ ಹಾಕಬಾರದು: ಒಲೆಯ ಮುಂದೆ ಕೂತು ಅಜ್ಜಿ ಹೇಳಿದ ಮಾತಿಗೆ ಗ್ರಾಮಸಭೆಯ ಕಡತದಲ್ಲಿ ಪುಟಸಂಖ್ಯೆ ಬೀಳುತ್ತದೆ.

2025ರ ಮೇ 5ರಂದು ಐವತ್ತೆರಡು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಬಂದವು. 1980ರ ದಶಕದಲ್ಲಿ ತಮ್ಮನ್ನು ಅಲ್ಲಿಂದ ಎಬ್ಬಿಸಿದರು, ಹಕ್ಕಿಗೆ ಹಾಕಿದ ಅರ್ಜಿಗೆ ಕಾದು ಸಾಕಾಯಿತು ಎಂದು ಅವರು ಹೇಳಿದರು. ಹಕ್ಕು ತೀರ್ಮಾನವಾಗುವ ಮುನ್ನ ಒಳಗೆ ಬರುವಂತಿಲ್ಲ ಎಂದು ಅರಣ್ಯ ಇಲಾಖೆ ಹೇಳಿತು. ಆ ಹಾಡಿಯ ಹೆಸರನ್ನು ಒಮ್ಮೆ ಬಿಡಿಸಿ ಓದಿ. ಕರಡಿಯ ಕಲ್ಲು, ಅತ್ತೂರು, ತೊರೆ ಹರಿಯುವ ಸಂದಿ. ಅಲ್ಲಿ ಇದ್ದು ಬಾಳಿದವರಲ್ಲದೆ ಇನ್ಯಾರು ಆ ಹೆಸರನ್ನು ಇಟ್ಟಿರಲು ಸಾಧ್ಯ? ಮುಂಗಾರು ಇನ್ನೇನು ಹಿಡಿಯಲಿತ್ತು. ಬಂದವರು ಮೊದಲು ಸೂರಿಗೆ ಗುಡಿಸಲು ಹಾಕಿಕೊಂಡರು.